ನಿಕಿತಿನ್ ಶ್ರೀಶೈಲದಾಗ ನೆನಸಿಕೊಂಡ ಆ ಕುದರಿ ಸವಾರನ ಮೂರ್ತಿ ಯಾವುದು? ಈಗೂ ಅದ ಏನು?

ಚೌಬಾರಾ_ಓಣಿ (ಬೀದರ್)

ಎಲ್ಲರಿಗೂ ನಮಸ್ಕಾರ್ರಿ. ಹೊರಗಿನ ಊರಿಂದ ಗೆಳ್ಯಾರು ಬಂದಾಗೆಲ್ಲ ಕೋಟಿ, ಗವಾನ್ ಮದರಸಾ ತೋರ್ಸೋ ಕೆಲಸ ನಂದೇ ಇರ್ತದ, ಹಂಗಾಗಿ ಜರಾ ಸರಿಯಾಗಿ ತಿಳ್ಕೋಬೇಕು ಅಂತ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಬರ್ದಿಟ್ಟದ್ದು ಓದ್ಲಿಕತ್ತೀನಿ. 1470ರ ಆಜುಬಾಜು ಬೀದರಿಗೆ ಬಂದಿದ್ದ ಅವ, ಬಹಮನಿ ಸುಲ್ತಾನನ ಅರಮನಿಗೆ ಏಳು ಬಾಗಲಾ ಇದ್ವು, ಒಂದೊಂದು ಬಾಗಲಿಗೆ ನೂರು ಕಾವಲಿನವ್ರು ನೂರು ಬರಿಯೋರು ಕುಂತಿರ್ತಿದ್ರು ಅಂತೆಲ್ಲ ಹೇಳ್ಯಾನ, ಅದೆಲ್ಲ ಗೊತ್ತಿದ್ದದ್ದೇ.

ನನಗ ತಡದದ್ದು ಬ್ಯಾರೆ ಕಡಿ. ಬೀದರಿನಾಗ ನಮ್ ಹಿಂದೂ ಮಂದಿ ಜೋಡಿ ದೋಸ್ತಿ ಆಗಿ, ಅವರ ಜೋಡಿನೇ ಪರ್ವತಕ್ಕ ಹೋಗ್ತಾನ, ಪರ್ವತ ಅಂದ್ರ ನಮ್ ಶ್ರೀಶೈಲ. ಒಂದು ತಿಂಗಳ ಹಾದಿ ಅಂತಾನ. ಅಲ್ಲಿ ಕಲ್ಲಿನಾಗ ಕೆತ್ತಿದ ಒಂದು ಭಾಳ ದೊಡ್ಡ ಮೂರ್ತಿ ನೋಡಿ, ಅದು ಬಲಗೈ ಮ್ಯಾಲೆತ್ತಿ ಚಾಚಿದ್ದು ಕಾನ್‌ಸ್ಟಾಂಟಿನೋಪಲ್‌ನ ಜಸ್ಟಿನಿಯನ್ ರಾಜಾ ಕೈ ಎತ್ತಿದಂಗೇ ಅದ ಅಂತ ಬರೀತಾನ. ಕೆಳಗ ಟಿಪ್ಪಣಿಯಾಗ "ಊರಿನ ಚೌಕದಾಗ ಕುದರಿ ಮ್ಯಾಲಿದ್ದ ಮೂರ್ತಿ" ಅಂತ ಅಷ್ಟೇ ಅದ, ಮುಂದ ಒಂದು ಅಕ್ಷರ ಇಲ್ಲ.

ಅದು ಯಾವ ಮೂರ್ತಿ, ಈಗೂ ಅದ ಏನು, ನಿಕಿತಿನ್ ಖುದ್ದ ಅದನ್ನ ನೋಡಿದ್ದನಾ? ಇನ್ನೊಂದು, ಕುದರಿ ಒಂದು ಕಾಲು ಎತ್ತಿದ್ರ ಸವಾರ ಯುದ್ಧದಾಗ ಗಾಯ ಆಗಿ ಸತ್ತಾಂವ, ಎರಡೂ ಎತ್ತಿದ್ರ ರಣದಾಗೇ ಸತ್ತಾಂವ ಅಂತ ವಾಟ್ಸಾಪ್‌ನಾಗ ಓಡಾಡ್ತದಲ್ಲ, ಆ ಲೆಕ್ಕ ಇದಕ್ಕ ಹತ್ತತದೇನು?

---

ಹಳೆನಾಣ್ಯ (ಕಲಬುರಗಿ)

ಬಹಳ ಒಳ್ಳೆ ಪ್ರಶ್ನೆ. ಈ ಮೂರ್ತಿ ಬಗ್ಗೆ ಬರಿಬೇಕು ಅಂತ ಎಷ್ಟೋ ದಿನದಿಂದ ಅನ್ಕೋತಿದ್ದೆ, ಸ್ವಲ್ಪ ಉದ್ದ ಆಗ್ತದ, ಸಮಾಧಾನದಿಂದ ಓದ್ರಿ.

ಮೂರ್ತಿ ಇದ್ದದ್ದು ಕಾನ್‌ಸ್ಟಾಂಟಿನೋಪಲ್‌ನಾಗ, ಅಂದ್ರೆ ಈಗಿನ ಇಸ್ತಾಂಬುಲ್‌ನಾಗ, ಅಯಾಸೋಫಿಯಾ ಅನ್ನೋ ದೊಡ್ಡ ಚರ್ಚಿನ ಪಕ್ಕದ ಚೌಕದಲ್ಲಿ. ಆ ಚೌಕಕ್ಕೆ ಔಗುಸ್ಟೈಯನ್ ಅಂತಿದ್ರು. ಒಂದು ಕಡೆ ಅರಮನೆ, ಒಂದು ಕಡೆ ಆ ಚರ್ಚು, ಅಂದ್ರೆ ಜಸ್ಟಿನಿಯನ್ ಆಳ್ತಿದ್ದ ಪೂರ್ವ ರೋಮನ್ ಸಾಮ್ರಾಜ್ಯದ ನಟ್ಟನಡು ಜಾಗ ಅದು. 532ರಲ್ಲಿ ಊರಾಗ ದೊಡ್ಡ ದಂಗೆ ಆಗಿ ಅರ್ಧ ಊರು ಸುಟ್ಟುಹೋಯ್ತು, ಜಸ್ಟಿನಿಯನ್ ಸಿಂಹಾಸನ ಬಿಟ್ಟು ಓಡಿಹೋಗೋ ಪರಿಸ್ಥಿತಿ ಬಂದಿತ್ತು, ಅದನ್ನ ರಕ್ತ ಹರಿಸಿ ಅಡಗಿಸಿದ ಮೇಲೆ ಅವ ಊರನ್ನ ಹೊಸದಾಗಿ ಕಟ್ಟಿಸೋಕೆ ಶುರು ಮಾಡಿದ. ಅಯಾಸೋಫಿಯಾ 537ರಲ್ಲಿ ಮುಗೀತು, ಚೌಕದ ಈ ಕಂಬ 543ರಲ್ಲಿ ನಿಂತಿತು. ಇಟ್ಟಿಗೆ ಕಂಬ, ಹೊರಗೆಲ್ಲ ಕಂಚಿನ ತಗಡು ಹೊದಿಸಿದ್ದು, ತುದಿ ಮೇಲೆ ಕಂಚಿನ ಕುದುರೆ, ಕುದುರೆ ಮೇಲೆ ರಾಜ.

ಆ ಕಾಲದಲ್ಲೇ ಇದ್ದ ಪ್ರೊಕೋಪಿಯಸ್ ಅನ್ನೋ ಇತಿಹಾಸಕಾರ ಕಣ್ಣಾರೆ ನೋಡಿ ಬರೆದಿದ್ದಾನೆ. ಕಂಬದ ಬುಡದಲ್ಲಿ ಸುತ್ತಲೂ ಕಲ್ಲಿನ ಮೆಟ್ಟಿಲು, ಮಂದಿ ಬಂದು ಅಲ್ಲಿ ಕೂತ್ಕೋತಿದ್ರು, ನಮ್ಮ ಊರಾಗ ಗುಡಿ ಮುಂದಿನ ಕಟ್ಟೆ ಮೇಲೆ ಕೂತ ಹಾಗೆ. ರಾಜನ ಮೈಮೇಲೆ ಗ್ರೀಕ್ ವೀರ ಅಕಿಲೀಸನ ಥರದ ವೇಷ, ತಲೆ ಮೇಲೆ ದೊಡ್ಡ ತುರಾಯಿ. ಎಡಗೈಯಲ್ಲಿ ಒಂದು ಗೋಳ, ಅದರ ಮೇಲೆ ಶಿಲುಬೆ, ಭೂಮಿ ಸಮುದ್ರ ಎಲ್ಲಾ ತನ್ನ ಕೈಯಲ್ಲಿದೆ ಅಂತ ಹೇಳೋಕೆ. ಕತ್ತಿ ಇಲ್ಲ, ಭರ್ಚಿ ಇಲ್ಲ, ಯಾವ ಆಯುಧನೂ ಇಲ್ಲ. ಮುಖ ಪೂರ್ವಕ್ಕೆ, ಬಲಗೈ ಪೂರ್ವಕ್ಕೆ ಚಾಚಿ ಬೆರಳು ಬಿಡಿಸಿ, ಆ ದಿಕ್ಕಿನ ಶತ್ರುಗಳಿಗೆ "ನಿಮ್ಮ ನಾಡಲ್ಲೇ ಇರ್ರಿ, ಮುಂದೆ ಬರಬ್ಯಾಡ್ರಿ" ಅಂತ ಹೇಳೋ ಹಾಗೆ. ಪೂರ್ವಕ್ಕೆ ಅಂದ್ರೆ ಪರ್ಷಿಯಾದ ಕಡೆ. ನಿಕಿತಿನ್ ನೆನಪಿಟ್ಟುಕೊಂಡಿದ್ದು ಈ ಕೈಯನ್ನೇ.

ಅದು ಜಸ್ಟಿನಿಯನ್‌ಗೆ ಅಂತಲೇ ಎರಕ ಹೊಯ್ದದ್ದಲ್ಲ, ಹಿಂದಿನ ಥಿಯೊಡೋಸಿಯಸ್ ರಾಜನ ಮೂರ್ತಿಯನ್ನ ಇಳಿಸಿ ತಂದು ಇಲ್ಲಿ ಏರಿಸಿದ್ದು ಅಂತ ತುಂಬಾ ಜನ ವಿದ್ವಾಂಸರು ಹೇಳ್ತಾರೆ. ನನಗೂ ಅದೇ ಸರಿ ಅನಿಸ್ತದ. ಆದ್ರೆ ಊರ ಮಂದಿ ಅದನ್ನ ಜಸ್ಟಿನಿಯನ್ ಅಂತಲೇ ಸಾವಿರ ವರ್ಷ ಹತ್ತಿರ ಹತ್ತಿರ ಕರೆದ್ರು.

ಈ ಮಧ್ಯೆ ಏನೇನೋ ಆಗಿದೆ. 9ನೇ ಶತಮಾನದಲ್ಲಿ ಥಿಯೋಫಿಲಸ್ ರಾಜನ ಕಾಲಕ್ಕೆ ತಲೆ ಮೇಲಿನ ತುರಾಯಿ ಕೆಳಗೆ ಬಿತ್ತು, ಅಷ್ಟು ಎತ್ತರಕ್ಕೆ ಹತ್ತೋದು ಹೇಗೆ, ಆಗ ಒಬ್ಬ ಧೈರ್ಯಸ್ಥ ಅಯಾಸೋಫಿಯಾ ಮಾಳಿಗೆ ಮೇಲೆ ನಿಂತು ಬಾಣಕ್ಕೆ ಹಗ್ಗ ಕಟ್ಟಿ ಮೂರ್ತಿ ಕಡೆ ಹೊಡೆದು ಆ ಹಗ್ಗದ ಮೇಲೆ ದಾಟಿ ಹೋಗಿ ತುರಾಯಿ ಕೂಡಿಸಿ ಬಂದ. 1204ರಲ್ಲಿ ಕ್ರುಸೇಡಿನವರು, ಅಂದ್ರೆ ಧರ್ಮಯುದ್ಧ ಅಂತ ಹೊರಟ ಪಶ್ಚಿಮ ಯುರೋಪಿನ ದಂಡಿನವರು, ಊರು ಲೂಟಿ ಹೊಡೆದಾಗ ಬೇಕಾದಷ್ಟು ಕಂಚಿನ ಮೂರ್ತಿ ಕರಗಿಸಿ ನಾಣ್ಯ ಮಾಡಿಕೊಂಡ್ರು, ಇದು ಉಳೀತು. ಆ ದಂಡಿನಲ್ಲಿದ್ದ ರಾಬರ್ಟ್ ಡಿ ಕ್ಲಾರಿ ಅನ್ನೋ ಸೈನಿಕ, ಕುದುರೆ ಮೇಲೆನೂ ರಾಜನ ಮೇಲೆನೂ ಬಕಪಕ್ಷಿಗಳು ವರ್ಷಾವರ್ಷ ಗೂಡು ಕಟ್ಟತಾವೆ ಅಂತ ಬರೆದಿಟ್ಟಿದ್ದಾನೆ. 15ನೇ ಶತಮಾನದ ಶುರುವಿನಲ್ಲಿ ಕೈಯಾಗಿನ ಗೋಳ ಒಮ್ಮೆ ಬಿದ್ದಿತ್ತು, ರಾಜ್ಯದ ಕಾಲ ಮುಗೀತು ಅಂತ ಜನ ಮಾತಾಡಿಕೊಂಡ್ರು, ಸಾಮ್ರಾಜ್ಯನೂ ಆಗ ಹೆಸರಿಗಷ್ಟೇ ಉಳಿದಿತ್ತು.

1453ರಲ್ಲಿ ತುರ್ಕರ ಎರಡನೇ ಮೆಹ್ಮದ್ ಸುಲ್ತಾನ್ ಊರು ಗೆದ್ದ, ಮುಂದೆ ಕೆಲವೇ ವರ್ಷದಲ್ಲಿ ಮೂರ್ತಿ ಕೆಳಗಿಳಿಸಿದ್ರು. ಆಮೇಲೆ ಕಂಬನೂ ಹೋಯ್ತು. 1540ರ ದಶಕದಲ್ಲಿ ಪಿಯರ್ ಜಿಲ್ ಅಂತ ಒಬ್ಬ ಫ್ರೆಂಚ್ ಪಂಡಿತ ಅಲ್ಲಿಗೆ ಹೋದಾಗ ಮೂರ್ತಿಯ ತುಂಡುಗಳು ಅರಮನೆ ಆವರಣದಲ್ಲಿ ಬಿದ್ದಿದ್ವು, ತೋಪು ಎರಕ ಹೊಯ್ಯೋ ಕಾರ್ಖಾನೆಗೆ ಸಾಗಿಸ್ತಾ ಇದ್ರಂತೆ. ಬಹಿರಂಗವಾಗಿ ಅಳತೆ ತಗೊಳ್ಳೋ ಹಾಗಿರಲಿಲ್ಲ, ಆದ್ರೂ ಕಣ್ಣು ತಪ್ಪಿಸಿ ನೋಡಿದ್ದಾನೆ. ರಾಜನ ಕಾಲು ತನ್ನ ಪೂರಾ ಎತ್ತರಕ್ಕಿಂತ ಉದ್ದ, ಮೂಗೇ ಒಂಬತ್ತು ಇಂಚಿಗಿಂತ ಜಾಸ್ತಿ ಅಂತ ಬರೆದಾನೆ. ಅಲ್ಲಿಗೆ ಕಥೆ ಮುಗೀತು. ಈಗ ಅಯಾಸೋಫಿಯಾ ಮುಂದೆ ಹೋಗಿ ನಿಂತ್ರೆ ಅದರದ್ದು ಏನೂ ಇಲ್ಲ.

ಇನ್ನು ನಿಕಿತಿನ್ ನೋಡಿದ್ದನಾ ಅಂದ್ರೆ, ಇಲ್ಲ. ಅವ ಊರು ಬಿಟ್ಟದ್ದೇ 1466 ಅಥವಾ 1468ರಲ್ಲಿ, ಅಷ್ಟೊತ್ತಿಗೆ ಮೂರ್ತಿ ಇಳಿಸಿ ಹತ್ತು ವರ್ಷದ ಮೇಲಾಗಿತ್ತು. ಅವನ ಹಾದಿನೂ ಬೇರೆ, ವೋಲ್ಗಾ ನದಿ, ಕ್ಯಾಸ್ಪಿಯನ್, ಇರಾನ್, ಹೊರ್ಮುಜ್, ಅಲ್ಲಿಂದ ಹಡಗಿನ ಮೇಲೆ ಚೌಲ್, ಆಮೇಲೆ ಜುನ್ನರ್, ಬೀದರ್.

---

ಆಳಂದ_ರಸ್ತೆ

ಹಳೆನಾಣ್ಯ ಅವ್ರು ಮೂರ್ತಿ ಕುದರಿ ಬಗ್ಗೆ ಭಾಳ ಛಂದ ಬರ್ದಾರ, ನಾ ಜೀವಂತ ಕುದರಿ ಬಗ್ಗೆ ಎರಡು ಮಾತು ಹೇಳ್ತೀನಿ, ಯಾಕಂದ್ರ ನಿಕಿತಿನ್ ಬೀದರಿಗೆ ಬಂದದ್ದೇ ಕುದರಿ ಮಾರ್ಲಿಕ್ಕೆ. ಹೊರ್ಮುಜ್‌ನಿಂದ ಒಂದು ಗಂಡು ಕುದರಿ ಹಡಗಿನಾಗ ಹಾಕ್ಕೊಂಡು ಬಂದ, ಇಲ್ಲಿತನಕ ತರೂದಕ್ಕ ನೂರು ರೂಬಲ್ ಖರ್ಚಾತು ಅಂತಾನ. ಈ ನಾಡಿನಾಗ ಕುದರಿ ಹುಟ್ಟಂಗಿಲ್ಲ ಅಂತ ಬರೀತಾನ, ಅದಕ್ಕೇ ಬಹಮನಿಯವರಿಗೂ ವಿಜಯನಗರದವರಿಗೂ ಸಮುದ್ರದ ಆ ದಂಡಿಯಿಂದನೇ ಕುದರಿ ಬರ್ಬೇಕಿತ್ತು, ಕುದರಿ ಇಲ್ಲಂದ್ರ ದಂಡು ಇಲ್ಲ. ಜುನ್ನರ್‌ನಾಗ ಅಲ್ಲಿನ ಖಾನ್ ಆ ಕುದರಿ ಕಸ್ಕೊಂಡು, ನಮ್ ಧರ್ಮಕ್ಕ ಬಂದ್ರ ಕುದರಿನೂ ವಾಪಸ್ ಕೊಡ್ತೀನಿ ಮ್ಯಾಲೆ ಸಾವಿರ ಹೊನ್ನೂ ಕೊಡ್ತೀನಿ ಇಲ್ಲಂದ್ರ ಎರಡೂ ಇಲ್ಲ ಅಂದ. ಖುರಾಸಾನಿನ ಒಬ್ಬ ಮುಸಲ್ಮಾನನೇ ನಡುವ ಬಂದು ಮಾತಾಡಿ ಬಿಡಿಸಿಕೊಟ್ಟ. ಒಂದು ವರ್ಷ ಮೇವು ಹಾಕಿ ಸಾಕಿ ಕಡೀಕ ಬೀದರಿನಾಗ ಮಾರಿದ.

ಮತ್ತ ನಮ್ ಆಳಂದದ ಹೆಸರು ಅದರಾಗ ಅದ, ಇದು ನಮ್ ಕಡಿ ಹುಡುಗರಿಗೆ ಗೊತ್ತೇ ಇಲ್ಲ. ಶೇಖ್ ಅಲಾವುದ್ದೀನ್ ದರ್ಗಾದ ಹತ್ರ ವರ್ಷಕ್ಕೊಮ್ಮೆ ಹತ್ತು ದಿನ ಜಾತ್ರಿ, ಇಡೀ ನಾಡಿನ ಮಂದಿ ಬರ್ತದ, ಇಪ್ಪತ್ತು ಸಾವಿರದತನಕ ಕುದರಿ ಮಾರಾಟಕ್ಕ ಬರ್ತಾವ ಅಂತ ಬರ್ದಾನ. ಅಂದ್ರ ನಮ್ ಲಾಡ್ಲೇ ಮಶಾಯಕ್ ದರ್ಗಾ. ಉರುಸಿಗೆ ಈಗೂ ಹಿಂದೂ ಮುಸಲ್ಮಾನ್ ಎಲ್ಲಾ ಹೋಗ್ತಾರ. ಆ ಬಯಲಿನಾಗ ಇಪ್ಪತ್ತು ಸಾವಿರ ಕುದರಿ ನಿಂತಿದ್ವು ಅಂತ ಓದಿದಾಗ ನನಗ ಮೈ ಝುಂ ಅಂದಿತ್ತು, ಖರೇನೇ ಹೇಳ್ತೀನಿ. ಅಲ್ಲೊಂದು ಬೋರ್ಡ್ ಹಾಕ್ಬೇಕು ಇದರ ಬಗ್ಗೆ, ಕನ್ನಡ ಉರ್ದು ಎರಡರಾಗೂ.

---

ಚೌಬಾರಾ_ಓಣಿ (ಬೀದರ್)

ಇಷ್ಟು ಸಿಗ್ತದ ಅಂತ ಅನ್ಕೊಂಡಿರ್ಲಿಲ್ಲರಿ, ಇಬ್ಬರಿಗೂ ಭಾಳ ಧನ್ಯವಾದ. ಆದ್ರ ಹಳೆನಾಣ್ಯ ಅವ್ರೇ, ಒಂದು ಮಾತು ತಲಿಯಾಗ ಕೊರೀಲಿಕತ್ತದ. ಮೂರ್ತಿ ಇಳ್ಸಿ ಹತ್ತು ವರ್ಷ ಆದ ಮ್ಯಾಲೆ, ಆ ಊರಿಗೇ ಹೋಗದ ಮನುಷ್ಯ, ಶ್ರೀಶೈಲದಾಗ ನಿಂತು "ಆ ರಾಜಾ ಕೈ ಎತ್ತಿದಂಗ" ಅಂತ ಹ್ಯಾಂಗ ಹೇಳ್ದ? ಓದೋರಿಗೂ ಗೊತ್ತಿರ್ತದ ಅನ್ನೋ ಧಾಟಿಯಾಗ ಹೇಳ್ಯಾನ ನೋಡ್ರಿ, ಏನೂ ಬಿಡಿಸಿ ಹೇಳೇ ಇಲ್ಲ.

---

ಹಳೆನಾಣ್ಯ (ಕಲಬುರಗಿ)

ಅವನ ಓದುಗರಿಗೆ ಗೊತ್ತಿತ್ತು, ಅದಕ್ಕೇ ಬಿಡಿಸಿ ಹೇಳಲಿಲ್ಲ. ರಷ್ಯಾದ ಕ್ರೈಸ್ತರಿಗೆ ಕಾನ್‌ಸ್ಟಾಂಟಿನೋಪಲ್ ಅಂದ್ರೆ ದೊಡ್ಡ ಯಾತ್ರಾಸ್ಥಳ, ಅವರ ಧರ್ಮ ಬಂದದ್ದೇ ಅಲ್ಲಿಂದ. ಹೋಗಿ ಬಂದವರು ಬರೆದಿಡ್ತಿದ್ರು. 1349ರ ಸುಮಾರಿಗೆ ನವ್ಗೊರೊದ್‌ನ ಸ್ಟೀಫನ್ ಅನ್ನೋ ಯಾತ್ರಿಕ ಬರೆದದ್ದು ಇವತ್ತಿಗೂ ಇದೆ, ಅದರಲ್ಲಿ ಅಯಾಸೋಫಿಯಾ ಮುಂದಿನ ಎತ್ತರದ ಕಂಬ, ಕುದುರೆ ಮೇಲೆ ಜಸ್ಟಿನಿಯನ್, ಒಂದು ಕೈಯಲ್ಲಿ ಶಿಲುಬೆ ಇರೋ ಬಂಗಾರದ ಸೇಬು, ಇನ್ನೊಂದು ಕೈ ಚಾಚಿದ್ದು ಎಲ್ಲಾ ಬರ್ತದ. ಇಂಥದ್ದನ್ನ ಮಠಗಳಲ್ಲಿ ನಕಲು ಮಾಡಿ ಓದ್ತಿದ್ರು, ಓದು ಬರದವರು ಕೇಳಿ ತಿಳ್ಕೋತಿದ್ರು. ರಷ್ಯಾದ ತ್ವೆರ್ ಊರಿನ ವ್ಯಾಪಾರಿ ನಿಕಿತಿನ್‌ಗೆ ಆ ಕೈ ಗೊತ್ತಿರೋದು ಸಹಜ.

ನಿಕಿತಿನ್ ಎಲ್ಲಾ ಕಡೆ ಹೀಗೇ ಮಾಡ್ತಾನೆ ಗಮನಿಸಿ. ಶ್ರೀಶೈಲ ಇವರ ಪಾಲಿಗೆ ಜೆರುಸಲೇಮ್ ಅಂತಾನೆ, ಮುಸಲ್ಮಾನರಿಗೆ ಮೆಕ್ಕಾ ಇದ್ದ ಹಾಗೆ ಅಂತಾನೆ. ಗುಡಿ ಎಷ್ಟು ದೊಡ್ಡದು ಅಂದ್ರೆ ನಮ್ಮ ತ್ವೆರ್ ಊರಿನ ಅರ್ಧ ಅಂತಾನೆ. ಕಾಣದ್ದನ್ನ ಮನೆಯವರಿಗೆ ಹೇಳಬೇಕಂದ್ರೆ ಅವರಿಗೆ ಗೊತ್ತಿರೋದರಿಂದಲೇ ಹೇಳಬೇಕು. ನಮ್ಮಲ್ಲೂ ಎಷ್ಟೋ ಮಂದಿ ಕಾಶಿ ನೋಡದೇನೇ ಕಾಶಿ ಹೀಗಿದೆ ಅಂತ ಮಾತಾಡ್ತಾರೆ, ಅದು ಸುಳ್ಳಲ್ಲ, ಅಜ್ಜ ಅಜ್ಜಿ ಬಾಯಿಂದ ಬಂದ ತಿಳುವಳಿಕೆ.

ಕುದುರೆ ಕಾಲಿನ ಲೆಕ್ಕದ ಬಗ್ಗೆ: ಪ್ರೊಕೋಪಿಯಸ್ ಹೇಳೋ ಪ್ರಕಾರ ಈ ಕುದುರೆಯ ಮುಂದಿನ ಎಡಗಾಲು ಗಾಳಿಯಲ್ಲಿತ್ತು, ಈಗಲೇ ಹೆಜ್ಜೆ ಇಡ್ತದ ಅನ್ನೋ ಹಾಗೆ. ವಾಟ್ಸಾಪ್ ಲೆಕ್ಕದಲ್ಲಿ ಜಸ್ಟಿನಿಯನ್ ಗಾಯ ಆಗಿ ಸತ್ತಿರಬೇಕು. ಅವ ಸತ್ತದ್ದು 565ರಲ್ಲಿ, ಎಂಬತ್ತರ ಮೇಲೆ ವಯಸ್ಸಾಗಿ. ಯುದ್ಧ ಮಾಡಿದ್ದೆಲ್ಲ ಬೆಲಿಸಾರಿಯಸ್‌ನಂಥ ಸೇನಾಪತಿಗಳು, ರಾಜ ರಾಜಧಾನಿಯಲ್ಲೇ ಇರ್ತಿದ್ದ.

---

ಭೀಮಾತೀರ (ಯಾದಗಿರಿ)

ಕಾಲಿನ ಲೆಕ್ಕಕ್ಕ ಇನ್ನೊಂದು ಸೇರಿಸ್ತೀನಿ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಾಗ ಪೀಟರ್ ದೊರಿದು ಕಂಚಿನ ಕುದರಿ ಅದಲ್ಲ, 1782ರಾಗ ನಿಲ್ಸಿದ್ದು, ಮುಂದಿನ ಎರಡೂ ಕಾಲು ಎತ್ಯದ. ಪೀಟರ್ ಜಡ್ಡು ಬಿದ್ದು ಸತ್ತಾಂವ, ರಣದಾಗಲ್ಲ. ಅದನ್ನ ಮಾಡಿದ ಫಾಲ್ಕೊನೆ ಅನ್ನೋ ಶಿಲ್ಪಿಗಿದ್ದ ಚಿಂತಿ ಭಾರದ್ದು, ಅಷ್ಟು ದೊಡ್ಡ ಕಂಚು ಹಿಂದಿನ ಎರಡೇ ಕಾಲ್ ಮ್ಯಾಲೆ ನಿಲ್ಬೇಕಲ್ಲ, ಅದಕ್ಕ ಕುದರಿ ಕಾಲಾಗ ಒಂದು ಹಾವು ಇಟ್ಟು ಬಾಲ ಅದಕ್ಕ ತಾಗ್ಸಿ ಮೂರನೇ ಆಧಾರ ಮಾಡಿದ್ರು. ಶಿಲ್ಪಿಗೆ ಕುದರಿ ಕಾಲು ಅಂದ್ರ ಮೊದಲು ತೂಕದ ಮಾತು. ನಮ್ ಕಡಿ ಕುದರಿ ಮ್ಯಾಲಿನ ಬಸವಣ್ಣನ ಮೂರ್ತಿ ನೋಡಿ ಹುಡುಗರು ಈ ವಾಟ್ಸಾಪ್ ಲೆಕ್ಕ ಹಚ್ಚತಾವ, ದಯಮಾಡಿ ಹಚ್ಚಬ್ಯಾಡ್ರಿ. ಬಸವಣ್ಣ ಬಿಜ್ಜಳನ ಭಂಡಾರಿ ಆಗಿದ್ದಾಂವ, ಅಧಿಕಾರದಾಗಿದ್ದ ಮನುಷ್ಯ ಅಂತ ತೋರ್ಸಲಿಕ್ಕೆ ಕುದರಿ ಇಟ್ಟಾರ, ಸಾವಿನ ಸುದ್ದಿ ಹೇಳ್ಲಿಕ್ಕಲ್ಲ.

ಆದ್ರ ನನಗ ಹೇಳ್ಬೇಕಾಗಿದ್ದ ಖಾಸ್ ಮಾತು ಬ್ಯಾರೆ ಅದ. ಎಲ್ಲಾರೂ ಜಸ್ಟಿನಿಯನ್ ಹಿಂದ ಬಿದ್ದೀರಿ, ನಿಕಿತಿನ್ ಶ್ರೀಶೈಲದಾಗ ನೋಡಿದ ಮೂರ್ತಿ ಯಾವುದು ಅಂತ ಯಾರೂ ಕೇಳ್ವಲ್ರಿ. ಅವ ಬರೆದದ್ದು ಪೂರಾ ಓದ್ರಿ: ಭಾಳ ದೊಡ್ಡ ಕಲ್ಲಿನ ಮೂರ್ತಿ, ಬಾಲ ಮೈಮ್ಯಾಲಿಂದ ಹಾದು ಬಂದದ, ಬಲಗೈ ಎತ್ತಿ ಚಾಚ್ಯದ, ಎಡಗೈಯಾಗ ಭರ್ಚಿ, ಮೈಮ್ಯಾಲೆ ಅರಿವಿ ಇಲ್ಲ, ಸೊಂಟಕ್ಕಷ್ಟೇ ಒಂದು ತುಂಡು ಬಟ್ಟಿ, ಮುಖ ಮಂಗ್ಯಾನಂಗ. ನಮ್ ಕಡಿ ಯಾವ ಹಳ್ಳಿ ಮನುಷ್ಯಾಗ ಬೇಕಾದ್ರೂ ಇದನ್ನ ಓದಿ ಹೇಳ್ರಿ, ಹನುಮಪ್ಪ ಅಂತ ಥಟ್ಟನೆ ಅಂತಾನ! ಊರ ಅಗಸಿ ಹನುಮಪ್ಪನ ಕಲ್ಲು ನೋಡ್ರಿ, ಬಲಗೈ ತಲಿ ಮ್ಯಾಲೆತ್ತಿರ್ತಾನ, ಬಾಲ ಹಿಂದಿಂದ ತಲಿ ಮ್ಯಾಲೆ ಕಮಾನಿನಂಗ ಬಂದಿರ್ತದ, ಎಡಗೈ ಸೊಂಟದ ಹತ್ರ, ಅದರಾಗ ಉದ್ದ ದೇಟಿನ ಹೂವು. ಆ ದೇಟೇ ರಷ್ಯಾದವನ ಕಣ್ಣಿಗೆ ಭರ್ಚಿಯಂಗ ಕಂಡದ ಅಂತ ನನಗ ಅನಸ್ತದ.

ಮತ್ತ ಹಳೆನಾಣ್ಯ ಅವ್ರು ಹೇಳ್ದಂಗ ಜಸ್ಟಿನಿಯನ್ ಕೈಯಾಗ ಭರ್ಚಿ ಇರ್ಲಿಲ್ಲ, ಕುದರಿ ಮಾತೂ ನಿಕಿತಿನ್ ಇಲ್ಲಿ ಎತ್ತಿಲ್ಲ. ಅಂದ್ರ ಅವ ಹೋಲ್ಸಿದ್ದು ಖಾಲಿ ಆ ಎತ್ತಿದ ಬಲಗೈ ಒಂದನ್ನೇ.

---

ಹಳೆನಾಣ್ಯ (ಕಲಬುರಗಿ)

ಭೀಮಾತೀರ ಅವ್ರ ಮಾತು ಬಲವಾಗಿದೆ, ಬಾಲ ಮತ್ತು ಮುಖ ಎರಡೂ ಹನುಮಂತನ ಕಡೆನೇ ಕೈ ತೋರಿಸ್ತಾವೆ. ಆದ್ರೆ ಅದೇ ಮೂರ್ತಿ ಮುಂದೆ ಕರಿಕಲ್ಲಿನ ದೊಡ್ಡ ಎತ್ತು, ಮೈಗೆಲ್ಲ ಬಂಗಾರ ಹಚ್ಚಿದ್ದು, ಮಂದಿ ಅದರ ಗೊರಸಿಗೆ ಮುತ್ತು ಕೊಟ್ಟು ಹೂವು ಏರಿಸ್ತಾರೆ ಅಂತನೂ ಬರೀತಾನಲ್ಲ. ನಂದಿ ಇರೋದು ಮಲ್ಲಿಕಾರ್ಜುನನ ಎದುರಿಗೆ.

---

ಭೀಮಾತೀರ (ಯಾದಗಿರಿ)

ನಂದಿ ಮಲ್ಲಯ್ಯನ ಮುಂದಿಂದೇರಿ, ಅದರಾಗ ಎರಡು ಮಾತಿಲ್ಲ. ಗರ್ಭಗುಡಿಯಾಗ ಇರೋದು ಲಿಂಗ, ಲಿಂಗಕ್ಕ ಕೈಯೂ ಇಲ್ಲ ಬಾಲನೂ ಇಲ್ಲ. ಜಾತ್ರಿ ಗದ್ದಲದಾಗ ಲಕ್ಷಗಟ್ಲೆ ಮಂದಿ ನಡುವ ಒಬ್ಬ ಪರದೇಶದಾಂವ, ಭಾಷಾ ಅಷ್ಟಕ್ಕಷ್ಟೇ, ಒಂದು ಕಡಿ ನೋಡಿದ ನಂದಿ ಇನ್ನೊಂದು ಕಡಿ ನೋಡಿದ ಹನುಮಪ್ಪ ಎರಡೂ ಬರಿಯೂ ಮುಂದ ಒಂದೇ ಜಾಗದಾಗ ಕೂಡ್ಯಾವ ಅಂತ ನನ್ನ ಅಭಿಪ್ರಾಯ. ಯುಗಾದಿಗೆ ನಮ್ ಊರ ಮಂದಿ ಪಾದಯಾತ್ರಿ ಮಾಡಿ ಶ್ರೀಶೈಲಕ್ಕ ಹೋಗ್ತೀವಿ, ದರ್ಶನ ಆಗಿ ಹೊರಗ ಬಂದಾಗ ಎಷ್ಟು ದೇವರ ಮುಂದ ಕೈ ಮುಗಿದೀವಿ ಅಂತ ನಮಗೇ ಸರೀ ಲೆಕ್ಕ ಸಿಗಂಗಿಲ್ಲ.

---

ಚೌಬಾರಾ_ಓಣಿ (ಬೀದರ್)

ಹನುಮಪ್ಪನ ಮಾತು ಕೇಳಿ ನನಗ ಪೂರಾ ಪಟಾಯಿಸ್ತು. ಕಡೀದೊಂದು ಕೇಳ್ತೀನಿ, ಜಸ್ಟಿನಿಯನ್ ಕುದರಿದು ಚಿತ್ರ ಏನರ ಸಿಗ್ತದೇನು? ಗೆಳ್ಯಾರಿಗೆ ತೋರ್ಸಬೇಕಂದ್ರ ಬಾಯಿಮಾತು ಸಾಲಂಗಿಲ್ಲ.

---

ಹಳೆನಾಣ್ಯ (ಕಲಬುರಗಿ)

ಸಿಗ್ತದ. ಹಂಗೇರಿಯ ಬುಡಾಪೆಸ್ಟ್ ಯೂನಿವರ್ಸಿಟಿ ಲೈಬ್ರರಿಯಲ್ಲಿ ಒಂದು ರೇಖಾಚಿತ್ರ ಇದೆ, 1430ರ ದಶಕದ್ದು ಅಂತಾರೆ, ಅಂದ್ರೆ ಊರು ಬೀಳೋ ಮುಂಚೆ ಮಾಡಿದ್ದು. ಬುಡಾಪೆಸ್ಟ್, ಜಸ್ಟಿನಿಯನ್, ಡ್ರಾಯಿಂಗ್ ಅಂತ ಹಾಕಿ ಹುಡುಕಿದ್ರೆ ಮೊದಲಿಗೇ ಬರ್ತದ. ತಲೆ ಮೇಲೆ ನವಿಲುಗರಿ ಥರ ಹರಡಿದ ತುರಾಯಿ, ಎಡಗೈಯಲ್ಲಿ ಗೋಳ, ಬಲಗೈ ಎತ್ತಿದ್ದು, ಎಲ್ಲಾ ಸ್ಪಷ್ಟ. ಅದರ ಮೇಲೆ ಥಿಯೊಡೋಸಿಯಸ್ ಹೆಸರಿನ ಒಂದು ಬರಹನೂ ಇದೆ, ಹಿಂದಿನ ರಾಜನ ಮೂರ್ತಿನೇ ತಂದು ಏರಿಸಿದ್ದು ಅನ್ನೋ ವಾದಕ್ಕೆ ದೊಡ್ಡ ಆಧಾರ ಅದೇ.

ತೋರಿಸುವಾಗ ಒಂದು ಕೆಲಸ ಮಾಡ್ರಿ, ಮೊಬೈಲ್‌ನಲ್ಲಿ ಆ ಚಿತ್ರದ ಪಕ್ಕದಲ್ಲೇ ನಿಮ್ಮ ಕಡೆಯ ಯಾವುದಾದರೂ ಅಗಸಿ ಹನುಮಪ್ಪನ ಫೋಟೋ ಇಟ್ಕೊಳ್ರಿ. ಮದರಸಾ ಮುಂದೆ ನಿಂತು ಹೇಳಿದ್ರೆ ಇನ್ನೂ ಒಳ್ಳೆದು, ಅದನ್ನ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ್ದು 1472ರಲ್ಲಿ, ಗವಾನ್‌ನನ್ನ ನಿಕಿತಿನ್ ಮಲಿಕ್-ಉತ್-ತುಜ್ಜಾರ್ ಅನ್ನೋ ಅವನ ಬಿರುದಿನಿಂದ ಕರೀತಾನೆ, ಅವನ ದಂಡಿನ ಬಗ್ಗೆ ಪುಟಗಟ್ಟಲೆ ಬರೆದಾನೆ.

---

ಆಳಂದ_ರಸ್ತೆ

ಬೀದರ್ ತೋರ್ಸಿದ ಮ್ಯಾಲೆ ಗೆಳ್ಯಾರನ್ನ ಆಳಂದಕ್ಕೂ ಕರ್ಕೊಂಡು ಬರ್ರಿ. ಉರುಸಿನ ಟೈಮಿಗೆ ಬಂದ್ರ ಚಲೋ, ದರ್ಗಾದ ಹಿರಿಯರ ಜೋಡಿ ಕೂಡ್ಸಿ ಮಾತಾಡ್ಸತೀನಿ, ಬೋರ್ಡಿನ ಅರ್ಜಿಗೆ ನಿಮ್ದೂ ಒಂದು ಸಹಿ ಬೇಕು.